ಟೀಮ್ ಬಿಟ್ಟ ಆಟಗಾರರನ್ನು ಅನ್‌ಫಾಲೋ ಮಾಡಬೇಕಾ? ಆರ್‌ಸಿಬಿ ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ರಿಟೆನ್ಶನ್ ಪಟ್ಟಿ (ಟೀಮ್ ಉಳಿಸಿಕೊಂಡವರ ಪಟ್ಟಿ) ಬಂದ ದಿನ ಒಂದು ಸಲ, ಹರಾಜಿನ ರಾತ್ರಿ ಇನ್ನೊಂದು ಸಲ, ಹಳೇ ಆಟಗಾರ ನಮ್ಮ ವಿರುದ್ಧವೇ ಮಿಂಚಿದ ದಿನ ಮತ್ತೊಂದು ಸಲ. ಇವೇ ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಫಾಲೋ ಮಾಡುತ್ತಿದ್ದವನು ಈಗ ಬೇರೆ ಜರ್ಸಿ ಹಾಕಿದ್ದಾನೆ, ಏನು ಮಾಡಬೇಕು ಅಂತ. ಮೊದಲ ಐಪಿಎಲ್‌ನಿಂದ ಆರ್‌ಸಿಬಿ ನೋಡಿಕೊಂಡು ಬಂದವನಾಗಿ ನನ್ನ ನಿಲುವು ಇಷ್ಟು: ಜರ್ಸಿ ಬದಲಾಯಿತು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಅನ್‌ಫಾಲೋ ಮಾಡಬೇಡಿ. ಆತ ಹಾಕುವ ಪೋಸ್ಟ್ ಸರಿ ಇಲ್ಲದಿದ್ದರೆ ಮಾಡಿ, ತಡ ಮಾಡಬೇಡಿ. ಉಳಿದದ್ದು ಕೆಳಗಿದೆ.

ನಮ್ಮ ಟೀಮ್ ಬಿಟ್ಟು ಹೋದವರನ್ನು ಇನ್ನೂ ಫಾಲೋ ಮಾಡುವುದು ದ್ರೋಹ ಅಲ್ವಾ?

ಅಲ್ಲ. ಮೊದಲು "ಬಿಟ್ಟು ಹೋದ" ಅನ್ನುವುದೇ ಹೆಚ್ಚಿನ ಸಲ ತಪ್ಪು. ಐಪಿಎಲ್‌ನಲ್ಲಿ ಆಟಗಾರ ಟೀಮ್ ಬಿಡುವುದಕ್ಕಿಂತ ಟೀಮ್ ಆಟಗಾರನನ್ನು ಬಿಡುವುದೇ ಜಾಸ್ತಿ. 2025ರ ಸೀಸನ್‌ಗೆ ಮುಂಚೆ ಆರ್‌ಸಿಬಿ ಉಳಿಸಿಕೊಂಡಿದ್ದು ಮೂವರನ್ನು ಮಾತ್ರ: ಕೊಹ್ಲಿ, ರಜತ್ ಪಾಟೀದಾರ್, ಯಶ್ ದಯಾಳ್. ಸಿರಾಜ್, ಮ್ಯಾಕ್ಸ್‌ವೆಲ್, ಫಾಫ್ ಡು ಪ್ಲೆಸಿ ಎಲ್ಲರೂ ಹರಾಜಿಗೆ ಹೋದರು. 2024ರ ನವೆಂಬರ್‌ನಲ್ಲಿ ಜೆಡ್ಡಾದಲ್ಲಿ ಸಿರಾಜ್ ಹೆಸರು ಬಂದಾಗ ಆರ್‌ಸಿಬಿ ಕೈಯಲ್ಲಿ ಆರ್‌ಟಿಎಂ ಕಾರ್ಡ್ ಇತ್ತು, ಅಂದರೆ ಬೇರೆ ಟೀಮ್ ಕೂಗಿದ ಬೆಲೆ ಕೊಟ್ಟು ಹಳೇ ಆಟಗಾರನನ್ನು ವಾಪಸ್ ಪಡೆಯುವ ಅವಕಾಶ. ಬಳಸಲಿಲ್ಲ. ಗುಜರಾತ್ 12.25 ಕೋಟಿಗೆ ತೆಗೆದುಕೊಂಡಿತು. ಇದರಲ್ಲಿ ಸಿರಾಜ್ ಮಾಡಿದ್ದೇನು ಹೇಳಿ? ಹರಾಜಿನ ಮೇಜಿನ ಮೇಲೆ ತನ್ನ ಹೆಸರು ಬಂದಾಗ ಯಾವ ಟೀಮ್ ಕೈ ಎತ್ತಬೇಕು ಅನ್ನುವುದು ಆಟಗಾರನ ಕೈಯಲ್ಲಿಲ್ಲ.

ಯಜುವೇಂದ್ರ ಚಹಾಲ್ ಕಥೆಯೂ ಇದೇ. ಆರ್‌ಸಿಬಿ ಪರ 139 ವಿಕೆಟ್. ನಮ್ಮ ಟೀಮ್‌ನಲ್ಲಿ ಅಷ್ಟು ವಿಕೆಟ್ ತೆಗೆದವರು ಇನ್ನೊಬ್ಬರಿಲ್ಲ. 2022ರ ಹರಾಜಿಗೆ ಮುಂಚೆ ಅವರನ್ನು ಉಳಿಸಿಕೊಳ್ಳಲಿಲ್ಲ. ಅದೇ ವರ್ಷ ರಾಜಸ್ಥಾನದ ಪರ 27 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ (ಸೀಸನ್‌ನಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದವರಿಗೆ ಸಿಗುವ ಟೋಪಿ) ಹಾಕಿಕೊಂಡರು. ನಮಗೆ ಹೊಟ್ಟೆ ಉರಿದಿದ್ದು ನಿಜ. ಆದರೆ ಆ ಸಿಟ್ಟು ಹೋಗಬೇಕಾದ ವಿಳಾಸ ಚಹಾಲ್ ಅವರ ಇನ್‌ಸ್ಟಾಗ್ರಾಮ್ ಅಲ್ಲ.

ಚಿನ್ನಸ್ವಾಮಿಯಲ್ಲೇ ಬಂದು ನಮ್ಮನ್ನು ಸೋಲಿಸಿದರೆ? ಆ ಪೋಸ್ಟ್‌ಗಳನ್ನು ನೋಡೋಕೆ ಆಗಲ್ಲ.

ಆಗಲ್ಲ, ಒಪ್ಪುತ್ತೇನೆ. 2025ರ ಏಪ್ರಿಲ್ 2 ಯಾರಿಗೆ ತಾನೇ ಮರೆಯುತ್ತದೆ! ಸಿರಾಜ್ ಹೊಸ ಚೆಂಡು ಹಿಡಿದು ಬಂದರು, ಎದುರಿಗೆ ನಮ್ಮದೇ ಬ್ಯಾಟರ್‌ಗಳು. ಪಡಿಕ್ಕಲ್ ಬೌಲ್ಡ್. ಫಿಲ್ ಸಾಲ್ಟ್ ಭರ್ಜರಿ ಸಿಕ್ಸ್ ಹೊಡೆದರು, ಮುಂದಿನ ಎಸೆತದಲ್ಲೇ ಸಾಲ್ಟ್ ಬೌಲ್ಡ್. ಕೊನೆಗೆ ಲಿವಿಂಗ್‌ಸ್ಟನ್ ಕೂಡ. 19 ರನ್‌ಗೆ 3 ವಿಕೆಟ್, ಪಂದ್ಯಶ್ರೇಷ್ಠ, ಗುಜರಾತ್‌ಗೆ 8 ವಿಕೆಟ್ ಗೆಲುವು. ಪಂದ್ಯ ಮುಗಿದ ಮೇಲೆ ಸಿರಾಜ್ ಏನು ಹೇಳಿದರು ಅನ್ನುವುದನ್ನೂ ನೆನಪಿಟ್ಟುಕೊಳ್ಳಿ. ಏಳು ವರ್ಷ ಇಲ್ಲಿದ್ದೆ, ಸ್ವಲ್ಪ ಭಾವುಕನಾಗಿದ್ದೆ ಅಂದರು. ನಮ್ಮ ಬಗ್ಗೆ ಒಂದು ಕೆಟ್ಟ ಮಾತಿಲ್ಲ.

ಅಂಥ ರಾತ್ರಿ ಆ ಸಂಭ್ರಮದ ಫೋಟೋ ನೋಡುವ ಮನಸ್ಸಿಲ್ಲ ಅಂದರೆ ಮ್ಯೂಟ್ ಮಾಡಿ. ಮ್ಯೂಟ್ ಇರುವುದೇ ಇಂಥದಕ್ಕೆ. ಒಂದು ವಾರ ಬಿಟ್ಟು ತೆಗೆಯಿರಿ. ಸೋತ ರಾತ್ರಿ ಹನ್ನೊಂದೂವರೆಗೆ ಮಾಡುವ ಯಾವ ತೀರ್ಮಾನವೂ ನಮ್ಮ ನಿಜವಾದ ತೀರ್ಮಾನ ಆಗಿರುವುದಿಲ್ಲ.

ಕೆ.ಎಲ್. ರಾಹುಲ್ ಮೈದಾನದಲ್ಲಿ ಬ್ಯಾಟ್‌ನಿಂದ ಸರ್ಕಲ್ ಎಳೆದರಲ್ಲ, ಅದು ನಮಗೆ ಮಾಡಿದ ಅವಮಾನ ಅಲ್ವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಹಾಗಾಗಿ ಸ್ವಲ್ಪ ಉದ್ದ ಉತ್ತರ.

2025ರ ಏಪ್ರಿಲ್ 10. ಆರ್‌ಸಿಬಿ 163. ಡೆಲ್ಲಿ 58ಕ್ಕೆ 4 ವಿಕೆಟ್ ಕಳೆದುಕೊಂಡಿತ್ತು. ಪಂದ್ಯ ನಮ್ಮ ಕೈಯಲ್ಲಿದೆ ಅಂದುಕೊಂಡಿದ್ದೆವು. ಅಲ್ಲಿಂದ ರಾಹುಲ್ 53 ಎಸೆತದಲ್ಲಿ ಔಟಾಗದೆ 93 ಹೊಡೆದರು. ಸಿಕ್ಸ್‌ನಿಂದ ಪಂದ್ಯ ಮುಗಿಸಿ, ಬ್ಯಾಟ್‌ನಿಂದ ನೆಲದಲ್ಲಿ ಒಂದು ವೃತ್ತ ಎಳೆದು, ನಡುವೆ ಬ್ಯಾಟ್ ಊರಿ, ಇದು ನನ್ನ ಜಾಗ ಅಂತ ತೋರಿಸಿದರು. ಇದು ತನಗಿಷ್ಟವಾದ 'ಕಾಂತಾರ' ಸಿನಿಮಾದಿಂದ ಬಂದಿದ್ದು ಅಂತ ಆಮೇಲೆ ಅವರೇ ಹೇಳಿದರು.

ಈಗ ಯೋಚಿಸಿ. ರಾಹುಲ್ ಬೆಳೆದಿದ್ದು ಮಂಗಳೂರಿನಲ್ಲಿ. ರಣಜಿ ಆಡಿದ್ದು ಕರ್ನಾಟಕಕ್ಕೆ. ಚಿನ್ನಸ್ವಾಮಿ ಅವರಿಗೆ ಐಪಿಎಲ್‌ಗಿಂತ ಮುಂಚಿನ ಮೈದಾನ. ಆರ್‌ಸಿಬಿ ಪರ 2013ರಲ್ಲಿ ಆಡಿದರು, 2016ರಲ್ಲಿ ಮತ್ತೆ ಬಂದು 397 ರನ್ ಹೊಡೆದರು. ನಾವು ಫೈನಲ್ ತಲುಪಿ, ಇದೇ ಮೈದಾನದಲ್ಲಿ ಹೈದರಾಬಾದ್‌ಗೆ 8 ರನ್‌ಗಳಿಂದ ಸೋತ ವರ್ಷ ಅದು. 2017ರಲ್ಲಿ ಭುಜದ ಗಾಯದಿಂದ ಆಡಲಿಲ್ಲ. 2018ರ ಹರಾಜಿಗೆ ಮುಂಚೆ ಆರ್‌ಸಿಬಿ ಉಳಿಸಿಕೊಂಡಿದ್ದು ಕೊಹ್ಲಿ, ಎಬಿ ಡಿವಿಲಿಯರ್ಸ್ ಮತ್ತು ಸರ್ಫರಾಜ್ ಖಾನ್ ಅವರನ್ನು. ರಾಹುಲ್ 11 ಕೋಟಿಗೆ ಪಂಜಾಬ್ ಪಾಲಾದರು. ಆಮೇಲೆ ಲಖನೌ, ಆಮೇಲೆ ಡೆಲ್ಲಿ. ಊರಿನ ಹುಡುಗ ಊರಿನ ಮೈದಾನದಲ್ಲಿ ನಿಂತು "ಇದು ನಂದು" ಅಂದರೆ ಅದು ನಮ್ಮ ಮೇಲಿನ ಸಿಟ್ಟು ಅಂತ ನನಗೆ ಅನ್ನಿಸಿಲ್ಲ. ಪಂದ್ಯ ಸೋತಿದ್ದಕ್ಕೆ ಬೇಜಾರಾಯಿತು. ಆ ವೃತ್ತ ನೋಡಿದಾಗ ಮಾತ್ರ ಹೆಮ್ಮೆಯೇ ಆಯಿತು.

ಕೊಹ್ಲಿ ಅದನ್ನು ಹೇಗೆ ತೆಗೆದುಕೊಂಡರು ನೋಡಿ. ಏಪ್ರಿಲ್ 27ರಂದು ಡೆಲ್ಲಿಯಲ್ಲಿ ನಾವು ಗೆದ್ದ ಮೇಲೆ ರಾಹುಲ್ ಎದುರೇ ಅದೇ ವೃತ್ತ ಎಳೆದು ತಮಾಷೆ ಮಾಡಿದರು. ಇಬ್ಬರೂ ನಕ್ಕರು. ಆಟಗಾರರ ನಡುವೆ ಇಷ್ಟು ಸಲೀಸಾಗಿ ಮುಗಿದ ವಿಷಯಕ್ಕೆ ನಾವು ಕಾಮೆಂಟ್‌ನಲ್ಲಿ ವರ್ಷಗಟ್ಟಲೆ ಕಿತ್ತಾಡುವುದು ಬೇಡ. ರಾಹುಲ್ ಅವರನ್ನು ಫಾಲೋ ಮಾಡುವವರು ಒಬ್ಬ ಕನ್ನಡಿಗ ಬ್ಯಾಟರ್‌ನನ್ನು, ಭಾರತದ ಆಟಗಾರನನ್ನು ಫಾಲೋ ಮಾಡುತ್ತಿದ್ದಾರೆ. ಐಪಿಎಲ್ ವರ್ಷದಲ್ಲಿ ಎರಡು ತಿಂಗಳು.

ಮ್ಯೂಟ್‌ಗೂ ಅನ್‌ಫಾಲೋಗೂ ಏನು ವ್ಯತ್ಯಾಸ? ಹೇಗೆ ಮಾಡುವುದು?

ಇನ್‌ಸ್ಟಾಗ್ರಾಮ್‌ನಲ್ಲಿ ಆಟಗಾರನ ಪ್ರೊಫೈಲ್‌ಗೆ ಹೋಗಿ 'ಫಾಲೋಯಿಂಗ್' ಬಟನ್ ಒತ್ತಿ. ಅಲ್ಲೇ 'ಮ್ಯೂಟ್' ಇರುತ್ತದೆ. ಪೋಸ್ಟ್ ಬೇರೆ, ಸ್ಟೋರಿ ಬೇರೆ ಮ್ಯೂಟ್ ಮಾಡಬಹುದು. ಪಟ್ಟಿಯಲ್ಲಿ ನೀವು ಇರುತ್ತೀರಿ, ಕಣ್ಣಿಗೆ ಮಾತ್ರ ಬೀಳುವುದಿಲ್ಲ. ಎಕ್ಸ್‌ನಲ್ಲಿ ಖಾತೆ ಮಾತ್ರ ಅಲ್ಲ, ಪದಗಳನ್ನೂ ಮ್ಯೂಟ್ ಮಾಡಬಹುದು, ಅದೂ 24 ಗಂಟೆ, 7 ದಿನ, 30 ದಿನ ಅಂತ ಅವಧಿ ಇಟ್ಟು. ಸೋತ ದಿನ ಎದುರಾಳಿ ಟೀಮ್ ಹೆಸರನ್ನು 24 ಗಂಟೆ ಮ್ಯೂಟ್ ಮಾಡಿ ಮಲಗಿದರೆ ಬೆಳಿಗ್ಗೆ ಮನಸ್ಸು ಹಗುರ ಇರುತ್ತದೆ. ಫೇಸ್‌ಬುಕ್‌ನಲ್ಲಿ 30 ದಿನದ 'ಸ್ನೂಜ್' ಇದೆ.

ಇನ್ನೊಂದು ವಿಷಯ ಎಷ್ಟೋ ಜನ ಗಮನಿಸುವುದಿಲ್ಲ. ಈಗ ಟೀಮ್‌ಗಳು ಆಟಗಾರನ ಜೊತೆ ಸೇರಿ 'ಕೊಲಾಬ್' ಪೋಸ್ಟ್ ಹಾಕುತ್ತವೆ. ನೀವು ಸಿರಾಜ್ ಅವರನ್ನು ಮಾತ್ರ ಫಾಲೋ ಮಾಡುತ್ತಿದ್ದರೂ ಗುಜರಾತ್ ಟೈಟನ್ಸ್ ಪೋಸ್ಟ್ ನಿಮ್ಮ ಫೀಡ್‌ಗೆ ಬರುವುದು ಇದರಿಂದಲೇ. ಆಟಗಾರ ದಿನಾ ಹೊಸ ಟೀಮ್ ಜಪ ಮಾಡುತ್ತಿದ್ದಾನೆ ಅಂತ ಅನ್ನಿಸುವುದಕ್ಕೆ ಅರ್ಧ ಕಾರಣ ಇದು. ಆ ಪೋಸ್ಟ್ ತಯಾರಿಸುವುದು ಟೀಮ್‌ನ ಸೋಶಿಯಲ್ ಮೀಡಿಯಾದವರು.

ಅನ್‌ಫಾಲೋ ಮಾಡಿದರೆ ಆಟಗಾರನಿಗೆ ಗೊತ್ತಾಗುತ್ತಾ?

ಇಲ್ಲ. ನೋಟಿಫಿಕೇಶನ್ ಹೋಗುವುದಿಲ್ಲ. ಕೋಟಿಗಟ್ಟಲೆ ಫಾಲೋವರ್ಸ್ ಇರುವವರಿಗೆ ಒಬ್ಬರು ಕಡಿಮೆ ಆಗಿದ್ದು ಕಾಣುವುದೂ ಇಲ್ಲ. ಹಾಗಾಗಿ ಬುದ್ಧಿ ಕಲಿಸಬೇಕು ಅಂತ ಮಾಡುವುದಾದರೆ ಅದರಿಂದ ಏನೂ ಆಗಲ್ಲ. ನಿಮ್ಮ ಫೀಡ್ ಚೆನ್ನಾಗಿರಲಿ ಅಂತ ಮಾಡುವುದಾದರೆ ಮೊದಲ ದಿನದಿಂದಲೇ ಗೊತ್ತಾಗುತ್ತದೆ.

ಎಲ್ಲರೂ ಸೇರಿ ಒಟ್ಟಿಗೆ ಅನ್‌ಫಾಲೋ ಮಾಡಿದರೆ? ಹ್ಯಾಶ್‌ಟ್ಯಾಗ್ ಟ್ರೆಂಡ್ ಮಾಡಿದರೆ?

ನಾನಂತೂ ಸೇರುವುದಿಲ್ಲ. ಕಾರಣಕ್ಕೆ ಮುಂಬೈ ಕಡೆ ನೋಡಿ. 2023ರ ಡಿಸೆಂಬರ್‌ನಲ್ಲಿ ರೋಹಿತ್ ಬದಲು ಹಾರ್ದಿಕ್ ಪಾಂಡ್ಯ ನಾಯಕ ಅಂತ ಘೋಷಣೆಯಾದಾಗ ಮುಂಬೈ ಇಂಡಿಯನ್ಸ್ ಖಾತೆಗಳನ್ನು ಲಕ್ಷಗಟ್ಟಲೆ ಜನ ಅನ್‌ಫಾಲೋ ಮಾಡಿದರು ಅಂತ ಸುದ್ದಿಯಾಯಿತು. ಕೆಲವರು ಜರ್ಸಿ ಸುಟ್ಟು ವಿಡಿಯೊ ಹಾಕಿದರು. 2024ರ ಐಪಿಎಲ್‌ನಲ್ಲಿ ಹಾರ್ದಿಕ್‌ಗೆ ಹಳೇ ಟೀಮ್ ಗುಜರಾತ್‌ನ ಮೈದಾನ ಅಹಮದಾಬಾದ್‌ನಲ್ಲೂ ಕೂಗಾಟ, ಸ್ವಂತ ಮೈದಾನ ವಾಂಖೆಡೆಯಲ್ಲೂ ಕೂಗಾಟ. ಅದೇ ವರ್ಷ ಜೂನ್ 29ರಂದು ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್‌ನ ಕೊನೇ ಓವರ್ ಹಾಕಿದ್ದು ಹಾರ್ದಿಕ್. ಭಾರತ ಗೆದ್ದಿತು. ಜುಲೈ 4ರಂದು ಅದೇ ವಾಂಖೆಡೆಯಲ್ಲಿ ಜನ ಅವರ ಹೆಸರನ್ನೇ ಕೂಗಿದರು. ನಡುವೆ ಕಳೆದಿದ್ದು ಕೆಲವೇ ತಿಂಗಳು. ಆ ತಿಂಗಳುಗಳಲ್ಲಿ ಆ ಮನುಷ್ಯ ಪ್ರತಿ ಟಾಸ್‌ಗೆ ಹೋಗಿ ನಿಂತು ಅದನ್ನೆಲ್ಲ ಕೇಳಿಸಿಕೊಂಡಿದ್ದಾರೆ. ಅದನ್ನು ವಾಪಸ್ ತೆಗೆದುಕೊಳ್ಳಲು ಯಾವ ಬಟನ್ನೂ ಇಲ್ಲ.

ಜೊತೆಗೆ ಒಂದು ತಾಂತ್ರಿಕ ವಿಷಯ. ಬೈದು ಹಾಕಿದ ಕಾಮೆಂಟನ್ನೂ ಆಪ್ ಕಾಮೆಂಟ್ ಅಂತಲೇ ಎಣಿಸುತ್ತದೆ. ಪೋಸ್ಟ್ ಕೆಳಗೆ ಸಾವಿರ ಜನ ಜಗಳ ಆಡಿದರೆ ಆ ಪೋಸ್ಟ್ ಇನ್ನೂ ಹೆಚ್ಚು ಜನರಿಗೆ ಹೋಗುತ್ತದೆ. ಬೇಡದವರ ಪೋಸ್ಟ್‌ಗೆ ಕೊಡಬೇಕಾದ್ದು ಮೌನ.

ನಮ್ಮ ಟೀಮ್ ಬಗ್ಗೆ ಕಹಿಯಾಗಿ ಮಾತಾಡಿದ ಹಳೇ ಆಟಗಾರರನ್ನು ಏನು ಮಾಡುವುದು?

ಮೊದಲು ಪೂರ್ತಿ ಸಂದರ್ಶನ ನೋಡಿ. ಮೂವತ್ತು ಸೆಕೆಂಡಿನ ರೀಲ್ ನೋಡಿ ತೀರ್ಮಾನ ಬೇಡ. ಉಳಿಸಿಕೊಳ್ಳದೆ ಬಿಟ್ಟಾಗ ಸರಿಯಾಗಿ ಒಂದು ಫೋನ್ ಕರೆ ಕೂಡ ಬರಲಿಲ್ಲ ಅಂತ ಚಹಾಲ್ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಎಂಟು ವರ್ಷ ಒಂದು ಕಡೆ ದುಡಿದವರಿಗೆ ಆ ನೋವು ಆಗದೆ ಇರುತ್ತಾ? ನಮ್ಮ ಆಫೀಸಿನಲ್ಲಿ ಯಾರಿಗಾದರೂ ಹೀಗಾದರೆ ಅವರ ಪರ ನಿಲ್ಲುತ್ತೇವೆ. ಆಟಗಾರನಿಗೆ ಆದಾಗ ಮಾತ್ರ ಕೃತಘ್ನ ಅನ್ನುವುದು ಯಾವ ನ್ಯಾಯ?

ಆಡಳಿತವನ್ನು ಟೀಕಿಸುವುದು ಒಂದು, ಅಭಿಮಾನಿಗಳನ್ನು ಗೇಲಿ ಮಾಡುವುದು ಇನ್ನೊಂದು. ವ್ಯೂಸ್‌ಗೋಸ್ಕರ ಪದೇ ಪದೇ ಆರ್‌ಸಿಬಿ ಅಭಿಮಾನಿಗಳನ್ನೇ ಕೆಣಕುವವರಿದ್ದರೆ ಅನ್‌ಫಾಲೋ ಮಾಡಿ. ಅದರಲ್ಲಿ ಸಂಕೋಚ ಬೇಡ. ಹದಿನೆಂಟು ವರ್ಷ ಕಾದು, 2025ರ ಜೂನ್ 3ರಂದು ಪಂಜಾಬ್ ವಿರುದ್ಧ 6 ರನ್‌ಗಳಿಂದ ಗೆದ್ದು ಕಪ್ ಕಂಡವರು ನಾವು. ಸೋತ ವರ್ಷಗಳಲ್ಲಿ ನಮ್ಮ ನಂಬಿಕೆಯನ್ನೇ ಸರಕು ಮಾಡಿಕೊಂಡವರಿಗೆ ನಮ್ಮ ಫೀಡ್‌ನಲ್ಲಿ ಜಾಗ ಕೊಡಬೇಕಿಲ್ಲ.

ನಿವೃತ್ತರಾದವರನ್ನು ಫಾಲೋ ಮಾಡಿ ಈಗ ಏನು ಪ್ರಯೋಜನ?

ಅದು ಆ ವ್ಯಕ್ತಿ ಈಗ ಏನು ಮಾಡುತ್ತಿದ್ದಾರೆ ಅನ್ನುವುದರ ಮೇಲೆ. ದಿನೇಶ್ ಕಾರ್ತಿಕ್ 2024ರಲ್ಲಿ ಆಟ ನಿಲ್ಲಿಸಿ ಆರ್‌ಸಿಬಿಯ ಬ್ಯಾಟಿಂಗ್ ಕೋಚ್ ಮತ್ತು ಮೆಂಟರ್ ಆದರು. ಹೆಸರಿಗೆ ಮಾಜಿ, ಇರುವುದು ನಮ್ಮ ಡ್ರೆಸಿಂಗ್ ರೂಮ್‌ನಲ್ಲೇ. ಅನಿಲ್ ಕುಂಬ್ಳೆ 2009ರಲ್ಲಿ ಕೇಪ್‌ಟೌನ್‌ನಲ್ಲಿ ರಾಜಸ್ಥಾನದ ವಿರುದ್ಧ 5 ರನ್ ಕೊಟ್ಟು 5 ವಿಕೆಟ್ ತೆಗೆದವರು. ಈಗ ಅವರು ಹಾಕುವ ವನ್ಯಜೀವಿ ಫೋಟೋಗಳಿಗೋಸ್ಕರವೇ ಫಾಲೋ ಮಾಡಬಹುದು.

ಎಬಿ ಡಿವಿಲಿಯರ್ಸ್ ಬಗ್ಗೆ ಬೇರೆ ಹೇಳಬೇಕಾ? ಅವರ 17 ಮತ್ತು ಗೇಲ್ ಅವರ 333, ಎರಡೂ ನಂಬರ್‌ಗಳನ್ನು ಆರ್‌ಸಿಬಿ 2023ರಲ್ಲಿ ನಿವೃತ್ತಿಗೊಳಿಸಿತು. ಫೈನಲ್ ದಿನ ಅಹಮದಾಬಾದ್‌ಗೆ ಇಬ್ಬರೂ ಬಂದಿದ್ದರು. ಕಪ್ ಎತ್ತುವಾಗ ಕೊಹ್ಲಿ ಅವರನ್ನೂ ಜೊತೆಗೆ ಕರೆದುಕೊಂಡರು. ಆ ರಾತ್ರಿ ಎಬಿ ಅಳುತ್ತಾ ನಗುತ್ತಾ ನಿಂತಿದ್ದನ್ನು ನೋಡಿದವರು ಮಾಜಿ ಅನ್ನುವ ಲೆಕ್ಕವನ್ನೇ ಬಿಟ್ಟುಬಿಡುತ್ತಾರೆ. ಹಾಗಂತ ಅವರು ಹೇಳುವುದೆಲ್ಲ ಸರಿ ಅಂತಲ್ಲ. 2024ರ ಫೆಬ್ರವರಿಯಲ್ಲಿ ತಮ್ಮ ಯೂಟ್ಯೂಬ್ ಚಾನೆಲ್‌ನಲ್ಲಿ ಕೊಹ್ಲಿ ಮನೆಯ ಖಾಸಗಿ ವಿಷಯ ಹೇಳಿಬಿಟ್ಟರು, ಆಮೇಲೆ ಅದು ತನ್ನ ದೊಡ್ಡ ತಪ್ಪು ಅಂದರು. ಚಾನೆಲ್ ನಡೆಸುವ ಎಲ್ಲ ಮಾಜಿ ಆಟಗಾರರಿಗೂ ಈ ಒತ್ತಡ ಇದೆ. ವಾರಕ್ಕೆ ಇಷ್ಟು ವಿಡಿಯೊ ಬೇಕು, ಪ್ರತಿಯೊಂದರಲ್ಲೂ ಹೊಸ ಮಾತು ಬೇಕು. ಆಟದ ಬಗ್ಗೆ ಮಾತಾಡುವವರನ್ನು ಇಟ್ಟುಕೊಳ್ಳಿ, ಮನೆಗಳ ಬಗ್ಗೆ ಮಾತಾಡುವವರನ್ನು ಬಿಡಿ.

ಹಳೇ ಆಟಗಾರ ಬೆಟ್ಟಿಂಗ್ ಆಪ್ ಜಾಹೀರಾತು ಹಾಕುತ್ತಿದ್ದಾರೆ. ಏನು ಮಾಡಲಿ?

ಅನ್‌ಫಾಲೋ ಮಾಡಿ. ಇವತ್ತೇ. ಎಷ್ಟೇ ದೊಡ್ಡ ಹೆಸರಾದರೂ, ನಿಮ್ಮ ಬಾಲ್ಯದ ಹೀರೋ ಆದರೂ.

ಈ ಪುಟದಲ್ಲಿ ನಾನು ಒತ್ತಿ ಹೇಳುವ ಮಾತು ಇದೇ. ಆಡುವ ಕಾಲದಲ್ಲಿ ಗಳಿಸಿದ ನಮ್ಮ ನಂಬಿಕೆಯನ್ನು ನಿವೃತ್ತಿಯ ನಂತರ ಇಂಥ ಆಪ್‌ಗಳಿಗೆ ಬಾಡಿಗೆಗೆ ಕೊಡುವವರು ಇದ್ದಾರೆ. ಅದನ್ನು ನಂಬಿ ಸಂಬಳ ಕಳೆದುಕೊಂಡ, ಸಾಲಕ್ಕೆ ಬಿದ್ದ ಹುಡುಗರು ನಮ್ಮ ಊರುಗಳಲ್ಲಿ ಇದ್ದಾರೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಹಣ ಕಟ್ಟಿ ಆಡುವ ಆಟಗಳಿಗೂ ಅವುಗಳ ಜಾಹೀರಾತಿಗೂ ನಿಷೇಧ. ಜಾಹೀರಾತು ಕೊಟ್ಟವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಬೀಳಬಹುದು. ಹಾಗಾಗಿ ಈಗಲೂ ಕಂಡರೆ ರಿಪೋರ್ಟ್ ಕೂಡ ಮಾಡಿ. ಕೆಲವರು 'ನ್ಯೂಸ್', 'ಸ್ಪೋರ್ಟ್ಸ್' ಅಂತ ಬಾಲ ಸೇರಿಸಿದ ಹೆಸರಲ್ಲಿ ಅದೇ ಬ್ರ್ಯಾಂಡ್ ತೋರಿಸುತ್ತಾರೆ. ಲೋಗೋ ನೋಡಿದರೆ ಗೊತ್ತಾಗುತ್ತದೆ.

ಆದರೆ ಮೊದಲು ಒಂದು ಖಚಿತ ಮಾಡಿಕೊಳ್ಳಿ: ಅದು ನಿಜವಾಗಿಯೂ ಅವರೇನಾ? 2024ರ ಜನವರಿಯಲ್ಲಿ ಸಚಿನ್ ತೆಂಡೂಲ್ಕರ್ ಒಂದು ಗೇಮ್ ಆಪ್ ಹೊಗಳುವ ವಿಡಿಯೊ ಓಡಾಡಿತು. ಅದು ನಾನಲ್ಲ, ಡೀಪ್‌ಫೇಕ್ (ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ನಕಲಿ ವಿಡಿಯೊ) ಅಂತ ಸಚಿನ್ ಅವರೇ ಹೇಳಬೇಕಾಯಿತು. ಆಟಗಾರನ ಸ್ವಂತ ಖಾತೆಯಲ್ಲಿ ಇದ್ದರೆ ಮಾತ್ರ ಅವರ ಲೆಕ್ಕಕ್ಕೆ ಹಾಕಿ.

ರಾಜಕೀಯಕ್ಕೆ ಹೋದವರು?

ಹರ್ಭಜನ್ ಸಿಂಗ್ 2022ರಲ್ಲಿ ರಾಜ್ಯಸಭೆಗೆ ಹೋದರು, ಯೂಸುಫ್ ಪಠಾಣ್ 2024ರಲ್ಲಿ ಲೋಕಸಭೆಗೆ ಗೆದ್ದರು, ಗೌತಮ್ ಗಂಭೀರ್ ಐದು ವರ್ಷ ಸಂಸದರಾಗಿದ್ದರು. ನೀವು ಫಾಲೋ ಮಾಡಿದ್ದು ಕ್ರಿಕೆಟಿಗನನ್ನು, ಈಗ ಬರುತ್ತಿರುವುದು ಪಕ್ಷದ ಪೋಸ್ಟರ್. ಇಷ್ಟ ಇದ್ದರೆ ಇರಲಿ, ಇಲ್ಲದಿದ್ದರೆ ತೆಗೆಯಿರಿ. ಯಾರಿಗೂ ಕಾರಣ ಹೇಳಬೇಕಿಲ್ಲ. ಯಾವುದೇ ಸಮುದಾಯದ ಮೇಲೆ ದ್ವೇಷ ಕಾರುವ ಪೋಸ್ಟ್ ಇದ್ದರೆ ಮಾತ್ರ ಇಷ್ಟ ಕಷ್ಟದ ಪ್ರಶ್ನೆ ಇಲ್ಲ, ತೆಗೆಯಬೇಕು.

ಮಾಜಿ ಆಟಗಾರರು ಈಗಿನವರನ್ನು ಕಟುವಾಗಿ ಟೀಕಿಸಿದರೆ?

2023ರ ಫೆಬ್ರವರಿಯಲ್ಲಿ ವೆಂಕಟೇಶ್ ಪ್ರಸಾದ್ ಟ್ವಿಟರ್‌ನಲ್ಲಿ ಕೆ.ಎಲ್. ರಾಹುಲ್ ಅವರ ಟೆಸ್ಟ್ ಆಯ್ಕೆಯನ್ನು ಸರಣಿಯಾಗಿ ಪ್ರಶ್ನಿಸಿದರು. ಇಬ್ಬರೂ ನಮ್ಮವರೇ. ಯಾರ ಪರ ನಿಲ್ಲಬೇಕು ಅಂತ ಆಗ ಕೇಳದವರಿಲ್ಲ. ನನ್ನ ಉತ್ತರ: ಪ್ರಸಾದ್ ಸರಾಸರಿಗಳನ್ನು ಮುಂದಿಟ್ಟು ಮಾತಾಡಿದರು. ಧಾಟಿ ಖಾರ ಇತ್ತು, ಆದರೆ ವಾದ ಆಟದ ಬಗ್ಗೆಯೇ ಇತ್ತು. ಅಂಥ ಟೀಕೆಗೆ ಅನ್‌ಫಾಲೋ ಬೇಡ. ಒಪ್ಪದಿದ್ದರೆ ನೀವೂ ಅಂಕಿಅಂಶ ಇಟ್ಟು ಉತ್ತರ ಕೊಡಿ. ಹೊಗಳುವವರನ್ನು ಮಾತ್ರ ಇಟ್ಟುಕೊಂಡರೆ ಕ್ರಿಕೆಟ್ ಬಗ್ಗೆ ಹೊಸದೇನೂ ಕಿವಿಗೆ ಬೀಳುವುದಿಲ್ಲ.

ಆಟಗಾರನ ಮೇಲೆ ಗಂಭೀರ ಆರೋಪ ಬಂದಿದೆ. ಕೋರ್ಟ್ ತೀರ್ಪು ಬರುವವರೆಗೆ ಕಾಯಬೇಕಾ?

ಶಿಕ್ಷೆ ಕೊಡುವುದಕ್ಕೆ ಕಾಯಬೇಕು. ಫಾಲೋ ನಿಲ್ಲಿಸುವುದಕ್ಕೆ ಕಾಯಬೇಕಿಲ್ಲ. ಫಾಲೋ ಅನ್ನುವುದು ತೀರ್ಪಲ್ಲ. ಆ ಮುಖ ದಿನಾ ಕಂಡರೆ ಮನಸ್ಸಿಗೆ ಹಿಂಸೆ ಆಗುತ್ತದೆ ಅಂದರೆ ತೆಗೆಯಿರಿ. ಆದರೆ ದೂರು ಕೊಟ್ಟವರ ಹೆಸರು ಹುಡುಕುವುದು, ಅವರ ಫೋಟೋ ಹಂಚುವುದು, ಆಟಗಾರನ ಪರವಾಗಿ ಅವರನ್ನು ಬೈಯುವುದು, ಇದನ್ನೆಲ್ಲ ದಯವಿಟ್ಟು ಮಾಡಬೇಡಿ. ಕೆಲವು ಪ್ರಕರಣಗಳಲ್ಲಿ ಹೆಸರು ಬಯಲು ಮಾಡುವುದೇ ಅಪರಾಧ.

ಆಟಗಾರರ ಹೆಂಡತಿ, ಅಕ್ಕ ತಂಗಿಯರ ಖಾತೆಗಳು?

ಇದನ್ನು ಬರೆಯುವಾಗ ಆರ್‌ಸಿಬಿ ಅಭಿಮಾನಿಯಾಗಿ ನನಗೆ ನಾಚಿಕೆ ಆಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಶಾರ್ಜಾದಲ್ಲಿ ಕೋಲ್ಕತ್ತ ವಿರುದ್ಧ ಎಲಿಮಿನೇಟರ್ (ಸೋತವರು ಹೊರಬೀಳುವ ಪಂದ್ಯ) ಸೋತೆವು. ಡ್ಯಾನ್ ಕ್ರಿಶ್ಚಿಯನ್ ಓವರ್‌ನಲ್ಲಿ ಸುನಿಲ್ ನರೈನ್ ಸತತ ಮೂರು ಸಿಕ್ಸ್ ಹೊಡೆದಿದ್ದರು. ಆ ರಾತ್ರಿ ಜನ ಹೋಗಿ ಬೈದಿದ್ದು ಕ್ರಿಶ್ಚಿಯನ್ ಅವರ ಗರ್ಭಿಣಿ ಸಂಗಾತಿಯ ಪೋಸ್ಟ್ ಕೆಳಗೆ. ಅವರನ್ನು ಇದರಿಂದ ದೂರ ಇಡಿ ಅಂತ ಕ್ರಿಶ್ಚಿಯನ್ ಕೇಳಿಕೊಳ್ಳಬೇಕಾಯಿತು. ಮ್ಯಾಕ್ಸ್‌ವೆಲ್ ಸಿಟ್ಟಿನಿಂದ ಬರೆದರು. 2023ರ ಮೇ 21ರಂದು ಕೊಹ್ಲಿ ಶತಕ ಹೊಡೆದರೂ ಶುಭಮನ್ ಗಿಲ್ ಶತಕದಿಂದ ನಾವು ಸೋತು ಹೊರಬಿದ್ದೆವು. ಗಿಲ್ ಅವರ ಅಕ್ಕನಿಗೆ ಬಂದ ಬೈಗುಳ ನೋಡಿ ಡೆಲ್ಲಿ ಮಹಿಳಾ ಆಯೋಗ ಮಧ್ಯೆ ಬರಬೇಕಾಯಿತು.

ಕುಟುಂಬದವರನ್ನು ಫಾಲೋ ಮಾಡುತ್ತಿದ್ದೀರಾ? ಅವರ ಕೆಲಸ, ಅವರ ಮಾತು ಇಷ್ಟವಾಗಿ ಮಾಡುತ್ತಿದ್ದರೆ ಸರಿ. ಆಟಗಾರನ ಸುದ್ದಿ ಹುಡುಕೋಕೆ ಮಾಡುತ್ತಿದ್ದರೆ ಇವತ್ತೇ ಬಿಡಿ. ವಿಚ್ಛೇದನದ ಗಾಳಿಸುದ್ದಿ ಬಂದಾಗ ಯಾರು ಯಾರನ್ನು ಅನ್‌ಫಾಲೋ ಮಾಡಿದರು ಅಂತ ಪಟ್ಟಿ ತೆಗೆದು ಎಣಿಸುವುದನ್ನೂ ಬಿಡಿ. ಮಹಿಳಾ ಆಟಗಾರ್ತಿಯರ ಖಾತೆಗಳಿಗೂ ಇದೇ ಮಾತು. 2023ರ ಮಹಿಳಾ ಲೀಗ್‌ನಲ್ಲಿ ಗುಜರಾತ್ ವಿರುದ್ಧ ನಮ್ಮ ಸೋಫಿ ಡಿವೈನ್ 36 ಎಸೆತದಲ್ಲಿ 99 ಹೊಡೆದಾಗ ಕುಣಿದವರು ನಾವು. ಅವರು ಬೇರೆ ಜರ್ಸಿ ಹಾಕಿದ ಕೂಡಲೇ ಭಾಷೆ ಬದಲಾಗಬಾರದು.

ಫಾಲೋ ಮಾಡುತ್ತಿರುವ ಖಾತೆ ನಿಜವಾದದ್ದೋ ಫೇಕೋ ಹೇಗೆ ತಿಳಿಯುವುದು?

ಹೆಸರಿನ ಮುಂದಿನ ನೀಲಿ ಟಿಕ್ ಈಗ ಸಾಕ್ಷಿ ಅಲ್ಲ. ಎಕ್ಸ್‌ನಲ್ಲಿ 2022ರಿಂದ ಅದನ್ನು ದುಡ್ಡು ಕೊಟ್ಟು ಪಡೆಯಬಹುದು. ರಾಹುಲ್ ದ್ರಾವಿಡ್ ಸೋಶಿಯಲ್ ಮೀಡಿಯಾದಿಂದ ದೂರವೇ ಉಳಿದವರು. ಆದರೂ ಅವರ ಹೆಸರಿನಲ್ಲಿ ಎಷ್ಟೊಂದು ಖಾತೆ, ಎಷ್ಟೊಂದು 'ದ್ರಾವಿಡ್ ಹೇಳಿದರು' ಪೋಸ್ಟ್! ಅವನ್ನೆಲ್ಲ ಯೋಚನೆ ಮಾಡದೆ ತೆಗೆದುಹಾಕಿ. ಬೇರೆಯವರದ್ದಾದರೆ ಟೀಮ್ ಅಥವಾ ಬಿಸಿಸಿಐ ಅಧಿಕೃತ ಪೋಸ್ಟ್‌ನಲ್ಲಿ ಟ್ಯಾಗ್ ಆಗಿರುವ ಖಾತೆ ಯಾವುದು ನೋಡಿ, ಅದೇ ನಿಜವಾದದ್ದು.

ನಮ್ಮ ಹುಡುಗ ಹೈಸ್ಕೂಲಿನಲ್ಲಿದ್ದಾನೆ. ಆಟಗಾರರನ್ನು ಫಾಲೋ ಮಾಡುತ್ತಾನೆ. ತಡೆಯಬೇಕಾ?

ತಡೆಯಬೇಡಿ, ಜೊತೆಗೆ ಕೂತು ನೋಡಿ. ಯಾರ ಪೋಸ್ಟ್‌ನಲ್ಲಿ ಆಟ ಇದೆ, ಯಾರದ್ದರಲ್ಲಿ ಬರೀ ಜಾಹೀರಾತು ಇದೆ ಅಂತ ಅವನನ್ನೇ ಕೇಳಿ. ಮಕ್ಕಳಿಗೆ ಇದು ಬೇಗ ಗೊತ್ತಾಗುತ್ತೆ. 2025ರಿಂದ ಭಾರತದಲ್ಲಿ ಇನ್‌ಸ್ಟಾಗ್ರಾಮ್‌ನ ಟೀನ್ ಖಾತೆಗಳು ಬಂದಿವೆ. 16ಕ್ಕಿಂತ ಚಿಕ್ಕವರು ಸುರಕ್ಷತೆಯ ಸೆಟ್ಟಿಂಗ್ ಸಡಿಲ ಮಾಡಬೇಕಾದರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು. ಅವನು ಸರಿಯಾದ ವಯಸ್ಸು ಕೊಟ್ಟಿದ್ದಾನಾ ಅಂತ ಒಮ್ಮೆ ನೋಡಿ.

ಅನ್‌ಫಾಲೋ ಮಾಡಿದವರು ವಾಪಸ್ ನಮ್ಮ ಟೀಮ್‌ಗೇ ಬಂದರೆ?

ಬರುತ್ತಾರೆ! ದೇವದತ್ತ ಪಡಿಕ್ಕಲ್ 2020ರಲ್ಲಿ ಮೊದಲ ಸೀಸನ್‌ನಲ್ಲೇ 473 ರನ್ ಹೊಡೆದರು. ಆಮೇಲೆ ರಾಜಸ್ಥಾನ, ಲಖನೌ ಸುತ್ತಿ 2025ಕ್ಕೆ ಮತ್ತೆ ಬೆಂಗಳೂರಿಗೆ ಬಂದರು. ಅವರಿಗೆ ಗಾಯವಾದಾಗ ಬದಲಿಯಾಗಿ ಬಂದವರು ಯಾರು? ಮಯಾಂಕ್ ಅಗರ್ವಾಲ್. 2011ರಿಂದ 2013ರವರೆಗೆ ನಮ್ಮ ಜೊತೆ ಇದ್ದು, ಊರೂರು ಸುತ್ತಿ ಬಂದ ಇನ್ನೊಬ್ಬ ಕನ್ನಡಿಗ. ಮೇ 27ರಂದು ಲಖನೌ ವಿರುದ್ಧ 228 ಬೆನ್ನಟ್ಟುವಾಗ ಜಿತೇಶ್ ಶರ್ಮಾ ಔಟಾಗದೆ 85 ಹೊಡೆದರು. ಅವತ್ತು ಇನ್ನೊಂದು ತುದಿಯಲ್ಲಿ ಔಟಾಗದೆ 41 ಮಾಡಿ ನಿಂತಿದ್ದು ಮಯಾಂಕ್. ಮುರಿಯದ ಜೊತೆಯಾಟ 107. ಆ ಗೆಲುವಿನಿಂದಲೇ ಮೊದಲ ಎರಡು ಸ್ಥಾನಕ್ಕೆ ಏರಿದೆವು. ಫೈನಲ್‌ನಲ್ಲಿ ಮಯಾಂಕ್ ವಿಕೆಟ್ ತೆಗೆದಿದ್ದು ಪಂಜಾಬ್ ಜರ್ಸಿಯಲ್ಲಿದ್ದ ಚಹಾಲ್. ನಮ್ಮ ಹಳೇ ಹುಡುಗನ ಚೆಂಡಿಗೆ ನಮ್ಮ ಹಳೇ ಹುಡುಗನ ವಿಕೆಟ್. ಯಾರು ನಮ್ಮವರು, ಯಾರು ಅವರವರು ಅಂತ ಪಟ್ಟಿ ಮಾಡಲು ಹೊರಟರೆ ಪ್ರತಿ ವರ್ಷ ಹರಿದು ಹೊಸದು ಬರೆಯಬೇಕಾಗುತ್ತದೆ.

ಕಬಡ್ಡಿಗೂ ಇದೇ ಲೆಕ್ಕವಾ?

ಇನ್ನೂ ಜಾಸ್ತಿ. ಪ್ರೊ ಕಬಡ್ಡಿಯಲ್ಲಿ ಟೀಮ್ ಬದಲಾಗುವುದು ಮಾಮೂಲು. ಬೆಂಗಳೂರು ಬುಲ್ಸ್ ಆರನೇ ಸೀಸನ್ ಗೆದ್ದಾಗ ಫೈನಲ್‌ನಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದರು. 2022ರಲ್ಲಿ ಅವರು 2.26 ಕೋಟಿಗೆ ತಮಿಳ್ ತಲೈವಾಸ್‌ಗೆ ಹೋದರು, ಮರುವರ್ಷ ತೆಲುಗು ಟೈಟನ್ಸ್. ಆ 22 ಪಾಯಿಂಟ್ ಇನ್ನೂ ಬುಲ್ಸ್ ಲೆಕ್ಕದಲ್ಲೇ ಇದೆ. ಕಬಡ್ಡಿ ಆಟಗಾರರಿಗೆ ಕ್ರಿಕೆಟಿಗರಷ್ಟು ಪ್ರಚಾರ ಸಿಗುವುದಿಲ್ಲ, ಫಾಲೋವರ್ಸ್ ಸಂಖ್ಯೆ ನೋಡಿಯೇ ಸಣ್ಣಪುಟ್ಟ ಜಾಹೀರಾತು ಸಿಗುವುದು. ಅವರ ವಿಷಯದಲ್ಲಿ ಒಬ್ಬೊಬ್ಬ ಅಭಿಮಾನಿಯೂ ಲೆಕ್ಕಕ್ಕೆ ಬರುತ್ತಾನೆ. ಸಾಧ್ಯವಾದಷ್ಟು ಉಳಿಸಿಕೊಳ್ಳಿ.

ನಾಯಕನಾಗಿದ್ದವರು ಹೋದಾಗ ಜಾಸ್ತಿ ಬೇಜಾರಾಗುತ್ತದೆ. 2025ರಲ್ಲಿ ಫಾಫ್ ಅವರನ್ನು ಡೆಲ್ಲಿ ಜರ್ಸಿಯಲ್ಲಿ ನೋಡೋಕೆ ಕಷ್ಟ ಆಯಿತು.

ನನಗೂ ಕಷ್ಟವೇ ಆಯಿತು. 2024ರಲ್ಲಿ ಮೊದಲ 8 ಪಂದ್ಯದಲ್ಲಿ ಗೆದ್ದಿದ್ದು ಒಂದೇ. ಆಮೇಲೆ ಸತತ ಆರು ಗೆಲುವು. ಮೇ 18ರಂದು ಚಿನ್ನಸ್ವಾಮಿಯಲ್ಲಿ ಚೆನ್ನೈ ವಿರುದ್ಧ ಮಿಚೆಲ್ ಸ್ಯಾಂಟ್ನರ್ ಹೊಡೆದ ಚೆಂಡನ್ನು ಮಿಡ್-ಆಫ್‌ನಲ್ಲಿ ಹಿಂದಕ್ಕೆ ಹಾರಿ ಒಂದೇ ಕೈಯಲ್ಲಿ ಹಿಡಿದ ಆ ಕ್ಯಾಚ್! ಆಗ ಫಾಫ್‌ಗೆ 39 ವರ್ಷ. ಪಂದ್ಯಶ್ರೇಷ್ಠ ಪ್ರಶಸ್ತಿಯನ್ನು ಕೊನೇ ಓವರ್ ಹಾಕಿದ ಯಶ್ ದಯಾಳ್‌ಗೆ ಅರ್ಪಿಸಿದರು. ಅಂಥ ನಾಯಕನನ್ನು ಅನ್‌ಫಾಲೋ ಮಾಡಿ ನಾವು ಗಳಿಸುವುದೇನು? ಬೇರೆ ಟೀಮ್‌ನ ಪೋಸ್ಟ್ ಬಂದಾಗ ಸ್ಕ್ರೋಲ್ ಮಾಡಿ ಮುಂದೆ ಹೋಗಿ, ಅಷ್ಟೇ.

ಪಟ್ಟಿ ಉದ್ದ ಆಗಿದೆ. ಒಮ್ಮೆ ಕ್ಲೀನ್ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಇನ್‌ಸ್ಟಾಗ್ರಾಮ್‌ನಲ್ಲಿ ನಿಮ್ಮ 'ಫಾಲೋಯಿಂಗ್' ಪಟ್ಟಿ ತೆರೆದರೆ, ನೀವು ಕಡಿಮೆ ನೋಡುವ ಖಾತೆಗಳನ್ನು ಆಪ್ ತಾನೇ ಬೇರೆ ಮಾಡಿ ತೋರಿಸುತ್ತದೆ. ಅಲ್ಲಿಂದ ಶುರು ಮಾಡಿ. ಮೊದಲು ಫೇಕ್ ಮತ್ತು ಬೆಟ್ಟಿಂಗ್ ಖಾತೆಗಳು, ಆಮೇಲೆ ದ್ವೇಷದವು, ಆಮೇಲೆ ವರ್ಷದಿಂದ ಒಂದು ಪೋಸ್ಟನ್ನೂ ನೀವು ಪೂರ್ತಿ ಓದದವು. ಇಷ್ಟು ತೆಗೆದರೆ ಹೆಚ್ಚಿನವರಿಗೆ ಸಾಕಾಗುತ್ತದೆ. ಬೇರೆ ಟೀಮ್‌ಗೆ ಹೋದವರ ಹೆಸರು ಬಂದಾಗ ಅವರ ಕೊನೇ ಹತ್ತು ಪೋಸ್ಟ್ ನೋಡಿ ತೀರ್ಮಾನ ಮಾಡಿ. ಐಪಿಎಲ್ ಇಲ್ಲದ ತಿಂಗಳಲ್ಲಿ, ಜುಲೈನಲ್ಲೋ ಆಗಸ್ಟ್‌ನಲ್ಲೋ ಈ ಕೆಲಸ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ರಣಜಿ ಶುರುವಾದಾಗ ಕರ್ನಾಟಕದ ಹೊಸ ಹುಡುಗರನ್ನು ಸೇರಿಸಿಕೊಳ್ಳಲು ಪಟ್ಟಿಯಲ್ಲಿ ಜಾಗ ಇರುತ್ತದೆ.